ಹಳಿ ಮೇಲೆ ದುಡಿಯುವವರು

ರೈಲಿನಲ್ಲಿ ಹೋಗುವಾಗ ನಾವು ಕಿಟಕಿಯಿಂದ ನೋಡಿರುತ್ತೇವೆ. ಹಳಿ ಪಕ್ಕದಲ್ಲಿ ಕೆಲವರು ಸರಿದು ನಿಂತಿರುತ್ತಾರೆ. ಮೈಮೇಲೆ ಕೇಸರಿ ಅಂಗಿ. ಕೈಯಲ್ಲಿ ಹಾರೆ, ಸುತ್ತಿಗೆ, ಬುಟ್ಟಿ. ರೈಲು ದಾಟಿದ ಮೇಲೆ ಅವರು ಮತ್ತೆ ಹಳಿಗೆ ಇಳಿಯುತ್ತಾರೆ. ಅವರಲ್ಲಿ ಹೆಂಗಸರೂ ಇದ್ದಾರೆ.

ಇವರಿಗೆ ಗ್ಯಾಂಗ್‌ಮನ್ ಅಂತ ಹೆಸರು. ಈಗ ರೈಲ್ವೆ ಕಾಗದದಲ್ಲಿ ಟ್ರ್ಯಾಕ್ ಮೇಂಟೇನರ್ ಅಂತ ಬರೆಯುತ್ತಾರೆ. ಜನರ ಬಾಯಲ್ಲಿ ಮಾತ್ರ ಹೆಂಗಸಾದರೂ ಗ್ಯಾಂಗ್‌ಮನ್ನೇ! ಹಳಿ ಬಿರುಕು ಬಿಟ್ಟಿದೆಯಾ, ಜಲ್ಲಿ ಜರುಗಿದೆಯಾ ಅಂತ ನೋಡುವುದು, ಸರಿಮಾಡುವುದು ಇವರ ಕೆಲಸ. ಕೆಲವರದು ಕಾಯಂ ನೌಕರಿ. ಜಲ್ಲಿ ಹೊರುವಂಥ ಕೆಲಸಕ್ಕೆ ಗುತ್ತಿಗೆದಾರರು ಕೂಲಿಯವರನ್ನು ಕರೆತರುತ್ತಾರೆ.

ಅಷ್ಟು ದೊಡ್ಡ ರೈಲು ಬಂದರೆ ಗೊತ್ತಾಗೋದಿಲ್ವಾ? ನಾವೂ ಹಾಗೇ ಕೇಳುತ್ತಿದ್ದೆವು. ಗೊತ್ತಾಗದೆ ಇರಬಹುದು. ಸುತ್ತಿಗೆಯ ಸದ್ದಿನಲ್ಲಿ ರೈಲಿನ ಸದ್ದು ಮುಳುಗುತ್ತದೆ. ಗಾಳಿ ಎದುರಾದರೆ ಕೇಳಿಸದು. ಕರೆಂಟಿನ ಎಂಜಿನ್‌ಗೆ ಡೀಸೆಲ್ ಎಂಜಿನ್ನಿನಷ್ಟು ಸದ್ದಿಲ್ಲ. ತಿರುವಿನಲ್ಲಿ ರೈಲು ಕಾಣುವುದೇ ಇಲ್ಲ. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ ಘಟ್ಟದಲ್ಲಿ 57 ಸುರಂಗಗಳಿವೆ. ಅಲ್ಲಿ ರೈಲು ಬಂದರೆ ಪಕ್ಕಕ್ಕೆ ಜಿಗಿಯಲು ಜಾಗ ಎಲ್ಲಿ? ಸುರಂಗದ ಗೋಡೆಯಲ್ಲಿ ಮಾಡಿದ ಗೂಡಿನಲ್ಲೇ ನಿಲ್ಲಬೇಕು.

ಜೋಡಿ ಹಳಿ ಇದ್ದರೆ ಇನ್ನೊಂದು ಅಪಾಯ. ಈ ಹಳಿಯ ರೈಲಿಗೆ ದಾರಿ ಬಿಡಲು ಆ ಹಳಿಗೆ ಹೋಗಿ ನಿಲ್ಲುತ್ತಾರೆ. ಅಲ್ಲೂ ರೈಲು ಬರುತ್ತಿರುತ್ತದೆ! ಎರಡೂ ಹಳಿ ಬಿಟ್ಟು ಹೊರಗೇ ನಿಲ್ಲಬೇಕು.

ಗಂಟೆಗೆ 100 ಕಿಲೋಮೀಟರ್ ಓಡುವ ರೈಲು, ನಾವು ಒಂದು, ಎರಡು, ಮೂರು ಅಂತ ಎಣಿಸುವಷ್ಟರಲ್ಲಿ 80 ಮೀಟರ್ ದಾಟುತ್ತದೆ. ಬ್ರೇಕ್ ಹಾಕಿದರೂ ನಿಲ್ಲಲು ಸುಮಾರು ಒಂದು ಕಿಲೋಮೀಟರ್ ಬೇಕು. ಅದಕ್ಕೇ ಹಳಿ ಬಿಚ್ಚಿ ಕೆಲಸ ಮಾಡುವಾಗ 600 ಮೀಟರ್ ದೂರದಲ್ಲಿ ಕೆಂಪು ಬಾವುಟದ ಪಟ್ಟಿ ಕಟ್ಟಬೇಕು. 1200 ಮೀಟರ್ ದೂರದಲ್ಲಿ ಹಳಿ ಮೇಲೆ ಪಟಾಕಿ ಇಡಬೇಕು. ಗಾಲಿ ಹಾಯ್ದರೆ ಅದು ಢಂ ಅನ್ನುತ್ತದೆ. ಡ್ರೈವರ್‌ಗೆ ಎಚ್ಚರವಾಗುತ್ತದೆ. ರೈಲು ಓಡಾಡುತ್ತಿರುವಾಗಲೇ ಕೆಲಸ ನಡೆದರೆ, ಸೀಟಿ ಊದಿ ಎಚ್ಚರಿಸಲು ಒಬ್ಬರು ಕಾವಲಿಗೆ ನಿಲ್ಲಬೇಕು. ಅವರಿಗೆ ಬೇರೆ ಕೆಲಸ ಹೇಳಬಾರದು. 'ಕಾವಲು ಯಾರು?' ಅಂತ ಕೇಳದೆ ನಾವು ಹಳಿಗೆ ಇಳಿಯಬಾರದು.

ತಲೆ ಮೇಲಿನ ತಂತಿಯಲ್ಲಿ 25,000 ವೋಲ್ಟ್ ಕರೆಂಟು. ಮುಟ್ಟಬೇಕಿಲ್ಲ, ಹತ್ತಿರ ಹೋದರೂ ಎಳೆದುಕೊಳ್ಳುತ್ತದೆ. ಎರಡು ಮೀಟರ್ ದೂರವಾದರೂ ಬೇಕು. ಕಬ್ಬಿಣದ ಸರಳನ್ನು ನೆಟ್ಟಗೆ ಎತ್ತಿ ಹಿಡಿಯಬಾರದು, ಅಡ್ಡ ಹಿಡಿದು ಒಯ್ಯಬೇಕು.

ಇಷ್ಟಾಗಿಯೂ ಜೀವ ಹೋಗುತ್ತದೆ. ಆಗ ಮನೆಯವರ ಗತಿ ಏನು?

ಕೆಲಸದಲ್ಲಿ ಅಪಘಾತವಾದರೆ ಪರಿಹಾರ ಕೊಡಬೇಕು ಎಂಬ ಕಾನೂನು 1923ರಲ್ಲೇ ಬಂತು. 2025ರ ನವೆಂಬರ್ 21ರಿಂದ ಅದು ಸಾಮಾಜಿಕ ಭದ್ರತಾ ಸಂಹಿತೆ ಎಂಬ ಹೊಸ ಕಾನೂನಿನಲ್ಲಿ ಸೇರಿದೆ. ಗುತ್ತಿಗೆ ಕೂಲಿಯವರಿಗೂ ಈ ಹಕ್ಕು ಇದೆ. ಗುತ್ತಿಗೆದಾರ ಕೈಯೆತ್ತಿದರೆ, ಕೆಲಸ ಮಾಡಿಸಿಕೊಂಡ ರೈಲ್ವೆಯಿಂದಲೇ ಕೇಳಬಹುದು.

ಎಷ್ಟು ಹಣ? ಲೆಕ್ಕ ಮಾಡೋಣ. ತಿಂಗಳಿಗೆ 12,000 ರೂಪಾಯಿ ಕೂಲಿ. ವಯಸ್ಸು 40. ಕೂಲಿಯ ಅರ್ಧ 6,000. ಆ ವಯಸ್ಸಿಗೆ ಕಾನೂನು ಕೊಟ್ಟ ಅಂಕಿ 184.17. ಗುಣಿಸಿದರೆ 11,05,020 ರೂಪಾಯಿ. ಗಾಯವಾಗಿ ಬದುಕಿದರೆ ಆಸ್ಪತ್ರೆ ಖರ್ಚನ್ನೂ ಕೊಡಬೇಕು. ಕೂಲಿಯಲ್ಲಿ ಇ.ಎಸ್.ಐ. ಹಣ ಹಿಡಿಯುತ್ತಿದ್ದರೆ ದಾರಿ ಬೇರೆ. ಆಗ ಇ.ಎಸ್.ಐ. ಕಡೆಯಿಂದ ಹೆಂಡತಿ ಮಕ್ಕಳಿಗೆ ತಿಂಗಳು ತಿಂಗಳು ಹಣ ಬರುತ್ತದೆ.

'ಅವನೇ ನೋಡಿಕೊಂಡು ಕೆಲಸ ಮಾಡಲಿಲ್ಲ, ತಪ್ಪು ಅವನದೇ' ಅಂತ ಹೇಳುವವರು ಇರುತ್ತಾರೆ. ಕೆಲಸದಲ್ಲಿದ್ದಾಗ ಸತ್ತವರ ಮನೆಯವರಿಗೆ ಈ ಮಾತು ಹೇಳಿ ಪರಿಹಾರ ತಪ್ಪಿಸಲು ಬರುವುದಿಲ್ಲ.

ಇನ್ನೊಂದು ಆಟ ಇದೆ. ಮಣ್ಣು ಮಾಡಿ ಮೂರು ದಿನ ಆಗಿರುವುದಿಲ್ಲ, ಯಾರೋ ಮನೆಗೆ ಬರುತ್ತಾರೆ. 'ತಗೋವ್ವ, ಐವತ್ತು ಸಾವಿರ. ಇಲ್ಲಿ ಹೆಬ್ಬೆಟ್ಟು ಒತ್ತು' ಅನ್ನುತ್ತಾರೆ. ಅಳುವ ಹೊತ್ತಿನಲ್ಲಿ ಯಾರಿಗೆ ಏನು ತೋಚುತ್ತದೆ? ಕಾಗದದಲ್ಲಿ 'ಇನ್ನು ಏನೂ ಕೇಳುವುದಿಲ್ಲ' ಅಂತ ಬರೆದಿರುತ್ತದೆ. ಅಂಥ ಕಾಗದಕ್ಕೆ ಕಾನೂನಿನಲ್ಲಿ ಬೆಲೆ ಇಲ್ಲ. ಮುಂಗಡ ಅಂತ ಸ್ವಲ್ಪ ಕೊಡಬಹುದು. ಉಳಿದ ಪರಿಹಾರವನ್ನು ಸರ್ಕಾರ ನೇಮಿಸಿದ ಅಧಿಕಾರಿಯ ಹತ್ತಿರವೇ ಕಟ್ಟಬೇಕು. ಮೊದಲೇ ಹೆಬ್ಬೆಟ್ಟು ಒತ್ತಿದ್ದರೂ ಕೈಚೆಲ್ಲಬೇಡಿ, ಕೇಳಿ.

ಕೂಲಿ ಚೀಟಿ, ಹಾಜರಿ ಚೀಟಿ, ಬ್ಯಾಂಕ್ ಪುಸ್ತಕ ಜೋಪಾನ ಮಾಡಿ. ಪೊಲೀಸರ ಎಫ್.ಐ.ಆರ್. ನಕಲು, ಆಸ್ಪತ್ರೆ ಕಾಗದ ಇಸಿದುಕೊಳ್ಳಿ. ತಡಮಾಡದೆ ತಾಲ್ಲೂಕು ಕೋರ್ಟಿಗೆ ಹೋಗಿ, ಕಾನೂನು ಸೇವಾ ಸಮಿತಿ ಎಲ್ಲಿ ಅಂತ ಕೇಳಿ. ಹೆಂಗಸರಿಗೆ ಅಲ್ಲಿ ವಕೀಲರ ಫೀಸು ಇಲ್ಲ. ಆದಾಯ ಎಷ್ಟಿದ್ದರೂ ಸರಿ. ಫೋನಿನಲ್ಲಿ ಕೇಳಬೇಕಾದರೆ 15100.