ಪಕ್ಕದ ಮನೆಯ ಆಮೆಗೊಂದು ತೊಟ್ಟಿ

ದುಬೈಯಲ್ಲಿದ್ದ ಹನ್ನೊಂದು ವರ್ಷ ನಾನು ಮಾಡಿದ್ದು ಒಂದೇ ಕೆಲಸ, ಕಾಂಕ್ರೀಟ್. ಹೆಂಡತಿಗೆ ಐರ್ಲೆಂಡಿನಲ್ಲಿ ನರ್ಸ್ ಕೆಲಸ ಸಿಕ್ಕಿ ನಾವು ಕಾರ್ಕ್ ಕಡೆಗೆ ಬಂದು ಮೂರು ವರ್ಷವಾಯಿತು. "ಸಂಚಿಕೆಗೆ ಏನಾದರೂ ಬರೆದು ಕೊಡಿ ಮಾರಾಯ್ರೆ" ಎಂದು ಸಂಘದ ಗೆಳೆಯರು ಫೋನ್ ಮಾಡಿದಾಗ ನೆನಪಾದದ್ದು ನಾನು ಕಟ್ಟಿದ ಎಲ್ಲಕ್ಕಿಂತ ಸಣ್ಣ ಕಟ್ಟಡ: ಒಂದು ಆಮೆಯ ಸ್ನಾನದ ತೊಟ್ಟಿ.

ಪಕ್ಕದ ಮನೆಯಲ್ಲಿ ಒಬ್ಬರೇ ಇರುವ ಅಜ್ಜಿ. ಗಂಡ ತೀರಿಕೊಂಡ ಮೇಲೆ ಅವರಿಗೆ ಉಳಿದ ಜೊತೆ ನಲವತ್ತು ದಾಟಿದ ಹರ್ಮನ್ ಜಾತಿಯ ಆಮೆ. ಇದು ಮೆಡಿಟರೇನಿಯನ್ ಕಡೆಯದು. ಐರ್ಲೆಂಡಿಗೆ ಸ್ವಂತದ ನೆಲದ ಆಮೆಯೇ ಇಲ್ಲ. ಇಲ್ಲಿ ಜುಲೈ ತಿಂಗಳ ಸರಾಸರಿ ಉಷ್ಣತೆಯೇ 15-16 ಡಿಗ್ರಿ. ಯುರೋಪಿನ ಕಾನೂನಿನಂತೆ ಈ ಆಮೆಯನ್ನು ಮಾರಲು, ಕೊಳ್ಳಲು ಪ್ರಮಾಣಪತ್ರ ಬೇಕು. ನಮ್ಮ ಇಕಾಮಾದ ಹಾಗೆ ಆ ಕಾಗದವನ್ನು ಅಜ್ಜಿ ಡಬ್ಬಿಯಲ್ಲಿ ಭದ್ರವಾಗಿಟ್ಟಿದ್ದಾರೆ.

ನಮ್ಮ ಕೆರೆಯ ಆಮೆಯಂತೆ ನೆಲದ ಆಮೆಗೆ ಈಜು ಬರುವುದಿಲ್ಲ. ಆದರೆ ನೀರು ಬೇಕೇ ಬೇಕು. ಆಳವಿಲ್ಲದ ಬೆಚ್ಚಗಿನ ನೀರಿನಲ್ಲಿ ಕಾಲು ಗಂಟೆ ನಿಲ್ಲಿಸಿದರೆ ಕತ್ತು ಬಗ್ಗಿಸಿ ಕುಡಿಯುತ್ತದೆ, ಹೊಟ್ಟೆ ಖಾಲಿ ಮಾಡಿಕೊಳ್ಳುತ್ತದೆ. ನೀರು ಸಾಲದಿದ್ದರೆ ಮೂತ್ರಕೋಶದಲ್ಲಿ ಕಲ್ಲು ಕಟ್ಟಬಹುದು. ಬಿಸಿಲಲ್ಲಿ ನೀರು ಕುಡಿಯದೆ ದುಡಿದ ನಮ್ಮವರಿಗೆ ಈ ಕಲ್ಲಿನ ನೋವು ಹೊಸದಲ್ಲ.

ಅಜ್ಜಿ ಪ್ಲಾಸ್ಟಿಕ್ ಟಬ್ ಇಟ್ಟಿದ್ದರು. ಒಂದು ರಾತ್ರಿಯ ಮಳೆಗೆ ಅದು ತುಂಬಿತು. ಬೆಳಿಗ್ಗೆ ಒಳಗೆ ಇಳಿದ ಆಮೆಗೆ ಜಾರುವ ಗೋಡೆ ಹತ್ತಲಾಗಲಿಲ್ಲ. ಅಜ್ಜಿ ಕಿಟಕಿಯಿಂದ ನೋಡಿ ಓಡಿದ್ದರಿಂದ ಜೀವ ಉಳಿಯಿತು. ಸಂಜೆ ನಮ್ಮ ಬಾಗಿಲು ತಟ್ಟಿ ಕೇಳಿದರು: "ನೀನು ಕಾಂಕ್ರೀಟ್ ಕೆಲಸ ಮಾಡಿದವನಲ್ಲವೇ?"

ಬಿಸಿಲು ಬೀಳುವ ಗೋಡೆಯ ಪಕ್ಕ ಜಾಗ ಆರಿಸಿದೆ. 3 ಅಡಿ ಉದ್ದ, 2 ಅಡಿ ಅಗಲ. ಅಗೆದು 4 ಇಂಚು ಜಲ್ಲಿ ತುಂಬಿ ದಮ್ಮಸ್ಸು ಮಾಡಿ, ಮೇಲೆ ತಂತಿ ಬಲೆ ಸೇರಿಸಿ 4 ಇಂಚು ಕಾಂಕ್ರೀಟ್ ಹಾಕಿದೆ. ಸಿಮೆಂಟ್, ಮರಳು, ಜಲ್ಲಿ 1:2:3. ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನದ ಇಳಿಜಾರು, ಮೆಟ್ಟಿಲಿಲ್ಲ. ಮರದ ಕರಣೆಯಿಂದ ತೀಡಿ ಮೇಲೆ ಬ್ರಷ್ ಎಳೆದೆ. ಉಗುರಿಗೆ ಹಿಡಿತ ಸಿಗಬೇಕು, ಹೊಟ್ಟೆಯ ಚಿಪ್ಪು ತರಚಬಾರದು. ಆಳದ ತುದಿಯಲ್ಲಿ ಒಂದೂವರೆ ಇಂಚು ಎತ್ತರಕ್ಕೆ ಒಂದು ಪೈಪ್ ಇಟ್ಟೆ. ಎಷ್ಟೇ ಮಳೆ ಬರಲಿ, ಅದಕ್ಕಿಂತ ಮೇಲಿನ ನೀರು ಹೊರಗೆ ಹೋಗುತ್ತದೆ. ಈ ತೊಟ್ಟಿಯ ಪ್ರಾಣವೇ ಆ ಪೈಪ್.

ದುಬೈಯ ಬೇಸಿಗೆಯಲ್ಲಿ ರಾತ್ರಿ ಕಾಂಕ್ರೀಟ್ ಹಾಕಿ ಹಗಲಿಡೀ ಒದ್ದೆ ಗೋಣಿ ಹೊದೆಸುತ್ತಿದ್ದೆವು. ಇಲ್ಲಿ ಭಯ ಚಳಿಯದು. 5 ಡಿಗ್ರಿಗಿಂತ ಕೆಳಗೆ ಹೋದರೆ ಕಾಂಕ್ರೀಟ್ ಸರಿಯಾಗಿ ಗಟ್ಟಿಯಾಗುವುದಿಲ್ಲ. ಅದಕ್ಕೇ ಮೇ ತಿಂಗಳವರೆಗೆ ಕಾದೆ.

ತಪ್ಪು ಮಾಡಿದ್ದು ಆಮೇಲೆ. ಹತ್ತನೇ ದಿನಕ್ಕೆ ತೊಟ್ಟಿ ಗಟ್ಟಿಯಾಗಿತ್ತು. "ಇನ್ನು ಬಿಡಬಹುದು" ಎಂದೆ. ಅಜ್ಜಿ ಒಪ್ಪಲಿಲ್ಲ. ಅಕ್ವೇರಿಯಂ ಅಂಗಡಿಯಿಂದ ಕ್ಷಾರ ನೋಡುವ ಕಾಗದ ತಂದು ನೀರಿನಲ್ಲಿ ಅದ್ದಿದರು. ಕಾಗದ ಕಡುನೀಲಿಗೆ ತಿರುಗಿತು. ಹೊಸ ಸಿಮೆಂಟಿನ ಸುಣ್ಣದಂಶ ನೀರಿಗೆ ಬಿಡುತ್ತದೆ. ಬೂಟಿನೊಳಗೆ ಸಿಮೆಂಟ್ ನೀರು ಹೋಗಿ ಕಾಲಿನ ಚರ್ಮ ಬೆಂದವರನ್ನು ನಾನೇ ಕಣ್ಣಾರೆ ಕಂಡಿದ್ದೆ. ಆದರೂ ಆಮೆಯ ವಿಷಯದಲ್ಲಿ ಅದು ಹೊಳೆಯಲಿಲ್ಲ. ಮೂರು ದಿನಕ್ಕೊಮ್ಮೆ ನೀರು ತುಂಬಿ, ಚೆಲ್ಲಿ, ಉಜ್ಜಿ ತೊಳೆಯುತ್ತಾ ಆರು ವಾರ ಕಳೆದೆವು. ಕಾಗದ ಸಾಮಾನ್ಯ ಬಣ್ಣ ತೋರಿಸಿದ ಮೇಲೆಯೇ ಆಮೆಯನ್ನು ಬಿಟ್ಟದ್ದು.

ಇದನ್ನು ಓದಿ ಊರಿನ ಮನೆಯಲ್ಲಿ ನಕ್ಷತ್ರ ಆಮೆ ಸಾಕುವ ಆಸೆ ಯಾರಿಗೂ ಬೇಡ. ಅದೃಷ್ಟ ತರುತ್ತದೆಂದು ಹೇಳಿ ಮಾರುವವರಿದ್ದಾರೆ. ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅದು ಅಪರಾಧ. 2019ರಿಂದ ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೂ ನಿಷೇಧವಿದೆ. ಕಳ್ಳಸಾಗಣೆಯಾಗಿ ಸಿಂಗಾಪುರ ಸೇರಿದ್ದ 51 ನಕ್ಷತ್ರ ಆಮೆಗಳನ್ನು 2018ರಲ್ಲಿ ವಿಮಾನದಲ್ಲಿ ಬೆಂಗಳೂರಿಗೆ ವಾಪಸ್ ತರಬೇಕಾಯಿತು. ಯಾರಾದರೂ "ಈ ಡಬ್ಬಿ ಒಂದು ತಗೊಂಡು ಹೋಗಿ" ಎಂದರೆ ಏರ್‌ಪೋರ್ಟಿನಲ್ಲಿ ಸಿಕ್ಕಿಬೀಳುವುದು ನೀವು.

ಜುಲೈಯ ಒಂದು ಬಿಸಿಲಿನ ದಿನ ಅಜ್ಜಿ ಕೆಟಲಿನ ನೀರು ಬೆರೆಸಿ ಕೈಯಿಟ್ಟು ಹದ ನೋಡಿದರು. ಆಮೆ ಇಳಿಜಾರಿನಲ್ಲಿ ಒಂದೊಂದೇ ಹೆಜ್ಜೆ ಇಟ್ಟು ಇಳಿಯಿತು, ಕತ್ತು ಚಾಚಿ ತುಂಬಾ ಹೊತ್ತು ಕುಡಿಯಿತು. ಆಮೇಲೆ ತಾನಾಗಿಯೇ ಹತ್ತಿ ಹೊರಗೆ ಬಂತು. ಗೋಪುರದಂಥ ಕಟ್ಟಡಗಳಿಗೆ ಕಾಂಕ್ರೀಟ್ ಹಾಕಿದವನು ನಾನು. ಅವುಗಳಲ್ಲಿ ಯಾರು ವಾಸವಾದರು ಎಂದು ಇವತ್ತಿಗೂ ಗೊತ್ತಿಲ್ಲ. ಈ ತೊಟ್ಟಿಗೆ ಯಾರು ಬರುತ್ತಾರೆಂದು ನಮ್ಮ ಅಡುಗೆಮನೆಯ ಕಿಟಕಿಯಿಂದಲೇ ಕಾಣುತ್ತದೆ.