‘ಡಬಲ್ ಇದೆ, ಇಟ್ಕೊ’: ದುರ್ಗದ ಸೀಮೆಯ ನಾಣ್ಯಪ್ರೀತಿ

ಟಿಪ್ಪು ಕಾಲದ ತಾಮ್ರದ ಕಾಸು ಮೊದಲ ಸಲ ಕೈಗೆ ಬಂದವರಿಗೆ ಕಾಣುವುದು ಆನೆಯೊಂದೇ. ತಿರುಗಿಸಿದರೆ ಪರ್ಷಿಯನ್ ಲಿಪಿ, ಅಲ್ಲಿಗೆ ದಾರಿ ಕಟ್ಟುತ್ತದೆ. ಪಕ್ಕದಲ್ಲಿ ಪಳಗಿದ ಸಂಗ್ರಾಹಕರೊಬ್ಬರಿದ್ದರೆ ಬೆರಳಿಟ್ಟು ಓದಿಸುತ್ತಾರೆ: ಇದು ‘ಫರ್ರುಖ್‌ಯಾಬ್ ಹಿಸಾರ್’ ಟಂಕಸಾಲೆಯದು, ಅಂದರೆ ನಮ್ಮ ಚಿತ್ರದುರ್ಗದ್ದೇ. 1779ರಲ್ಲಿ ಹೈದರಾಲಿ ಕೋಟೆ ಗೆದ್ದ ಮೇಲೆ ಮಗ ಟಿಪ್ಪು ಊರಿಗೆ ಇಟ್ಟ ಹೆಸರದು. ಇಸವಿಯ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು, ಅವನ ಮೌಲೂದಿ ಶಕೆಯ ಪದ್ಧತಿ ಹಾಗೆ. ಈ ಪಾಠಕ್ಕೆ ಯಾರೂ ಫೀಸು ಕೇಳುವುದಿಲ್ಲ.

ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯಂಥ ಊರುಗಳಲ್ಲಿ ಈ ಹವ್ಯಾಸ ಬದುಕಿರುವುದು ಹರಾಜಿನಿಂದಲ್ಲ, ‘ಡಬಲ್ ಇದೆ, ಇಟ್ಕೊ’ ಎಂಬ ಮಾತಿನಿಂದ. ಹುಡುಗನೊಬ್ಬ ಆಸೆಯಿಂದ ನೋಡುತ್ತಿದ್ದರೆ 1943ರ ತೂತಿನ ಕಾಸೋ, ಅಲ್ಯೂಮಿನಿಯಂನ ಮೂರು ಪೈಸೆಯೋ, ಕಮಲದ ಇಪ್ಪತ್ತು ಪೈಸೆಯೋ ಅವನ ಅಂಗೈ ಸೇರುತ್ತದೆ. ಇಸವಿಯ ಕೆಳಗೆ ವಜ್ರದ ಗುರುತಿದ್ದರೆ ಮುಂಬೈ, ನಕ್ಷತ್ರವಿದ್ದರೆ ಹೈದರಾಬಾದ್, ಚುಕ್ಕಿಯಿದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತ ಎಂದು ಹೇಳಿಕೊಟ್ಟರೆ ಸಾಕು, ಅವತ್ತೇ ಮನೆಯ ಚಿಲ್ಲರೆ ಡಬ್ಬಿಯೆಲ್ಲ ನೆಲಕ್ಕೆ ಸುರಿಯುತ್ತದೆ.

ಆದರೆ ನಾಣ್ಯಕ್ಕಿಂತ ದೊಡ್ಡ ಕೊಡುಗೆ ಅದು ಎಲ್ಲಿ ಸಿಕ್ಕಿತೆಂಬ ಮಾಹಿತಿ. ಇದನ್ನು ದುರ್ಗದವರಿಗೆ ಕಲಿಸಿದ್ದು ಚಂದ್ರವಳ್ಳಿ. ಕೋಟೆ ಬೆಟ್ಟದ ಬೆನ್ನಿಗಿರುವ ಆ ಕಣಿವೆಯಲ್ಲಿ ಆರ್. ನರಸಿಂಹಾಚಾರ್ 1909ರಲ್ಲಿ ಅಗೆಸಿದರು. 1929ರಲ್ಲಿ ಎಂ.ಎಚ್. ಕೃಷ್ಣ, 1947ರಲ್ಲಿ ಮಾರ್ಟಿಮರ್ ವೀಲರ್ ಬಂದರು. ಶಾತವಾಹನರ ಸೀಸದ ನಾಣ್ಯ, ರೋಮನ್ ಚಕ್ರವರ್ತಿಗಳ ಬೆಳ್ಳಿ ದಿನಾರಿಯಸ್, ಒಂದು ಚೀನೀ ನಾಣ್ಯ ಕೂಡ ಅಲ್ಲಿ ದೊರೆತವು. ಸದಕಣ ಕಳಲಾಯ ಮಹಾರಠಿ ಎಂಬ ಸ್ಥಳೀಯ ಅಧಿಪತಿಯ ಪರಿಚಯ ಇತಿಹಾಸಕ್ಕಾದದ್ದು ಈ ಸೀಮೆಯ ಸೀಸದ ನಾಣ್ಯಗಳಿಂದಲೇ. ಒಂದು ಕಡೆ ಡುಬ್ಬದ ಗೂಳಿ, ಸುತ್ತ ಬ್ರಾಹ್ಮಿ ಅಕ್ಷರ. ಅದೇ ನಾಣ್ಯ ಸಿಕ್ಕ ಜಾಗದ ಗುರುತು ಕಳೆದುಕೊಂಡು ಯಾವುದೋ ಊರಿನ ಪೆಟ್ಟಿಗೆ ಸೇರಿದ್ದರೆ, ಅದು ದುರ್ಗದ ಬಗ್ಗೆ ಬಾಯಿ ಬಿಡುತ್ತಿರಲಿಲ್ಲ. ಹೀಗಾಗಿ ‘ಇದು ನನ್ನದು’ ಎಂದು ಬಚ್ಚಿಡುವವರಿಗಿಂತ ಫೋಟೊ ತೆಗೆದು, ತೂಕ ಹಾಕಿ, ನಾಲ್ಕು ಜನರ ಮುಂದಿಡುವವರನ್ನೇ ನಾನು ನಿಜವಾದ ಸಂಗ್ರಾಹಕರೆಂದು ಕರೆಯುತ್ತೇನೆ. ಮೈಸೂರಿನ ಪ್ರೊ. ಎ.ವಿ. ನರಸಿಂಹಮೂರ್ತಿಯವರಂಥ ವಿದ್ವಾಂಸರು ಕರ್ನಾಟಕದ ನಾಣ್ಯಗಳ ಚರಿತ್ರೆ ಬರೆದದ್ದು ಇಂಥ ನಾಣ್ಯಗಳ ಆಧಾರದ ಮೇಲೆಯೇ.

ಈ ಬಳಗದ ಇನ್ನೊಂದು ಉಪಕಾರ ಹೊರಗಿನವರ ಕಣ್ಣಿಗೆ ಬೀಳುವುದಿಲ್ಲ. ಹಳೆಯ ನೋಟಿಗೆ, ನಾಣ್ಯಕ್ಕೆ ಲಕ್ಷಗಟ್ಟಲೆ ಕೊಡುತ್ತೇವೆಂದು ನಂಬಿಸಿ, ಮೊದಲು ತೆರಿಗೆ, ಕಮಿಷನ್ ಕಟ್ಟಿ ಎನ್ನುವ ಮೋಸದ ಜಾಲವೊಂದಿದೆ. 2021ರಲ್ಲಿ ರಿಸರ್ವ್ ಬ್ಯಾಂಕೇ ಈ ಬಗ್ಗೆ ಎಚ್ಚರಿಕೆ ಕೊಡಬೇಕಾಯಿತು. ಅಜ್ಜಿಯ ಗಂಟಿನಲ್ಲಿದ್ದ ರೂಪಾಯಿ ಹಿಡಿದು ಕನಸು ಕಾಣುತ್ತಾ ಬಂದವರಿಗೆ ‘ಇದಕ್ಕೆ ಅಷ್ಟೊಂದು ಬೆಲೆ ಇಲ್ಲಮ್ಮ, ಯಾರಿಗೂ ದುಡ್ಡು ಕಟ್ಟಬೇಡಿ, ಮನೆಯಲ್ಲೇ ಇಟ್ಕೊಳ್ಳಿ’ ಎಂದು ನೇರವಾಗಿ ಹೇಳುವವರು ಈ ಹವ್ಯಾಸಿಗಳೇ. ಅಗ್ಗಕ್ಕೆ ಹೊಡೆದುಕೊಳ್ಳುವ ಅವಕಾಶವಿದ್ದಾಗಲೂ ಸರಿಯಾದ ಬೆಲೆ ಹೇಳುವವರಿದ್ದಾರೆ. ಊರಿನ ನಂಬಿಕೆ ನಿಂತಿರುವುದು ಅಂಥವರ ಮೇಲೆ.

ಹೊಲ ಉಳುವಾಗ, ಪಾಯ ತೋಡುವಾಗ ನಾಣ್ಯದ ಗಡಿಗೆ ಸಿಕ್ಕರೆ ಕಾನೂನಿನಂತೆ ಜಿಲ್ಲಾಧಿಕಾರಿಗಳಿಗೆ ತಿಳಿಸಬೇಕು, ಕರಗಿಸಬಾರದು. ಮನೆಯ ಹಳೆ ಕಾಸನ್ನು ಹುಣಸೆಹಣ್ಣು ಹಚ್ಚಿ ತಿಕ್ಕಬೇಡಿ, ಅಕ್ಷರ ಸವೆದುಹೋಗುತ್ತದೆ. ಯಾರು ಕೊಟ್ಟರು, ಎಲ್ಲಿ ಸಿಕ್ಕಿತು ಎಂದು ಒಂದು ಚೀಟಿಯಲ್ಲಿ ಬರೆದು ಜೊತೆಗಿಡಿ. ಚಿತ್ರದುರ್ಗದ ರಂಗಯ್ಯನ ಬಾಗಿಲಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಮಕ್ಕಳನ್ನು ಒಮ್ಮೆ ಕರೆದೊಯ್ಯಿರಿ. ನಿಮ್ಮಲ್ಲಿ ಡಬಲ್ ಇದ್ದರೆ ಒಂದನ್ನು ಪಕ್ಕದ ಮನೆಯ ಮಗುವಿಗೆ ಕೊಡಿ.