ಕಿವಿಮೊರೆತದೊಡನೆ ಬಾಳುವೆ



ನಮ್ಮ ಹೂವಿನ ಹಿಪ್ಪರಗಿಯಲ್ಲಿ ರಾತ್ರಿ ಹತ್ತು ಗಂಟೆ ಕಳೆದರೆ ಊರೆಲ್ಲ ತಣ್ಣಗಾಗುತ್ತದೆ. ಅಧ್ಯಾಪಕ ವೃತ್ತಿಯಿಂದ ನಿವೃತ್ತನಾಗಿ ಊರಿಗೆ ಮರಳಿದಾಗ ನಾನು ಬಯಸಿದ್ದು ಈ ನಿಶ್ಶಬ್ದವನ್ನೇ. ವರ್ಷ ತುಂಬುವುದರೊಳಗೆ ಅದು ಕೈತಪ್ಪಿತು. ಒಂದಿರುಳು ಜೀರುಂಡೆ ಕೂಗಿದಂತೆ ಸಣ್ಣಗೆ, ಎಡೆಬಿಡದೆ ಸದ್ದು ಕೇಳತೊಡಗಿತು. ಎದ್ದು ಕಿಟಕಿ ಮುಚ್ಚಿದೆ. ಸದ್ದು ತಗ್ಗುವ ಬದಲು ಹೆಚ್ಚಿತು. ಜೀರುಂಡೆ ಇದ್ದುದು ನನ್ನ ಕಿವಿಯೊಳಗೆ.

ವೈದ್ಯರು ಇದನ್ನು ಟಿನಿಟಸ್ ಎನ್ನುತ್ತಾರೆ. ನಮ್ಮ ಮಾತಿನಲ್ಲಿ ಕಿವಿಮೊರೆತ. ಸುಶ್ರುತಸಂಹಿತೆ ಎಣಿಸುವ 28 ಕರ್ಣರೋಗಗಳಲ್ಲಿ ಕರ್ಣನಾದವೂ ಒಂದು. ಸಂಗೀತಕಾರ ಬೀಥೋವನ್ 1801ರಲ್ಲಿ ಗೆಳೆಯನಿಗೆ ಬರೆದ ಪತ್ರದಲ್ಲಿ, ಹಗಲಿರುಳೂ ಕಿವಿ ಮೊರೆಯುತ್ತಿರುವ ಸಂಕಟವನ್ನು ತೋಡಿಕೊಂಡಿದ್ದಾನೆ.

ಒಳಗಿವಿಯಲ್ಲಿ ಶಂಖದಂತೆ ಸುರುಳಿಯಾದ ಒಂದು ಅಂಗವಿದೆ. ಅದರಲ್ಲಿ ಸುಮಾರು 15,000 ರೋಮಕೋಶಗಳಿವೆ. ಮುಪ್ಪಿನಿಂದಲೋ ಗದ್ದಲದಿಂದಲೋ ಅವು ನಾಶವಾದರೆ ಮತ್ತೆ ಹುಟ್ಟುವುದಿಲ್ಲ. ಕಿವಿಯಿಂದ ಬರುವ ಸುದ್ದಿ ಕಡಿಮೆಯಾದಾಗ ಮಿದುಳು ತನ್ನ ಆಲಿಸುವ ಶಕ್ತಿಯನ್ನು ತಾನೇ ಏರಿಸಿಕೊಳ್ಳುತ್ತದೆ ಎಂಬುದು ಇಂದು ಬಹುಮಂದಿ ತಜ್ಞರು ಒಪ್ಪುವ ವಿವರಣೆ. ದೂರದ ನಿಲಯವನ್ನು ಹಿಡಿಯಲು ರೇಡಿಯೋದ ಧ್ವನಿ ಏರಿಸಿದರೆ ಕರಕರ ಸದ್ದೂ ಏರುತ್ತದಲ್ಲವೆ? ಹಾಗೆ.

ಆದರೆ ಸದ್ದು ಬೇರೆ, ಸಂಕಟ ಬೇರೆ. ಹೆಲ್ಲರ್ ಮತ್ತು ಬರ್ಗ್‌ಮನ್ ಎಂಬ ಅಮೆರಿಕದ ಸಂಶೋಧಕರು 1953ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದನ್ನು ತೋರಿಸಿತು. ಕಿವಿ ಚೆನ್ನಾಗಿದ್ದ 80 ಜನರನ್ನು ಅವರು ನಿಶ್ಶಬ್ದ ಕೋಣೆಯಲ್ಲಿ ಕೂಡಿಸಿ, ಕೇಳಿದ್ದನ್ನು ಬರೆಯಿರೆಂದರು. ನೂರಕ್ಕೆ 94ರಷ್ಟು ಮಂದಿ ಒಂದಲ್ಲ ಒಂದು ಸದ್ದು ಕೇಳಿದೆವೆಂದರು! ಮನಸ್ಸು ಆ ಸದ್ದನ್ನು ಅಪಾಯವೆಂದು ತಿಳಿದು ಕಾವಲು ಕುಳಿತಾಗಲೇ ಬಾಧೆ ಆರಂಭ.

ನನ್ನ ಗತಿಯೂ ಅದೇ ಆಯಿತು. ಸಂಜೆ ಮನೆಯಲ್ಲಿ ಷಟ್ಪದಿಗಳನ್ನು ಗಟ್ಟಿಯಾಗಿ ಓದುವ ರೂಢಿ ತಪ್ಪಿತು. “ಎಷ್ಟ್ ಕೂಗೂದ್ರೀ, ಕಿವಿ ಎಲ್ಲಿಟ್ಟೀರಿ?” ಎಂದು ಮನೆಯಾಕೆ ಕೇಳಿದರೆ ರೇಗುತ್ತಿದ್ದೆ. ಮೊದಲು ಕಂಡ ವೈದ್ಯರು, “ವಯಸ್ಸಿನ ದೋಷ, ಇದಕ್ಕೆ ಔಷಧವಿಲ್ಲ, ಸಹಿಸಿಕೊಳ್ಳಿ” ಎಂದು ಕಳುಹಿಸಿದರು. ಮಾತು ಅರ್ಧ ನಿಜ. ಈ ಸದ್ದನ್ನು ಅಳಿಸುವ ಗುಳಿಗೆ ಇನ್ನೂ ಸಿದ್ಧವಾಗಿಲ್ಲ. ಆದರೆ ಔಷಧವಿಲ್ಲವೆಂದರೆ ಚಿಕಿತ್ಸೆಯೇ ಇಲ್ಲವೆಂದಲ್ಲ. ಇದನ್ನು ತಿಳಿಯಲು ನನಗೆ ಎರಡು ವರ್ಷ ಹಿಡಿಯಿತು.

ಬಳಿಕ ಕಂಡ ಶ್ರವಣತಜ್ಞರು ಮೊದಲು ಕಿವಿಯ ಪರೀಕ್ಷೆ ಮಾಡಿದರು. ತಾರಸ್ಥಾಯಿಯ ಧ್ವನಿಗಳು ನನಗೆ ಕೇಳದಾಗಿದ್ದವು. ಶ್ರವಣಯಂತ್ರ ಕೊಟ್ಟರು, ಹೊರಗಿನ ಸದ್ದುಗಳು ಮರಳಿದಂತೆ ಒಳಗಿನದು ಹಿಂದೆ ಸರಿಯತೊಡಗಿತು. ರಾತ್ರಿ ಮಳೆಯಂಥ ಮೆಲುಸದ್ದೊಂದನ್ನು ಹಚ್ಚಿಡಲು ಹೇಳಿದರು. ಅದು ಮೊರೆತಕ್ಕಿಂತ ತುಸು ಕೆಳಗಿರಬೇಕು. ಮೊರೆತವನ್ನು ಪೂರಾ ಮುಳುಗಿಸಿದರೆ ಮನಸ್ಸು ಅದಕ್ಕೆ ಹೊಂದಿಕೊಳ್ಳುವುದನ್ನು ಕಲಿಯದು. ಹಿಟ್ಟಿನ ಗಿರಣಿಯ ಪಕ್ಕದ ಮನೆಯವರಿಗೆ ಗಿರಣಿ ಕೇಳಿಸುವುದಿಲ್ಲ; ಬಂದ ಬೀಗರಿಗೆ ನಿದ್ದೆ ಹತ್ತುವುದಿಲ್ಲ. ನಾನು ನನ್ನ ಕಿವಿಯೊಳಗೆ ಬೀಗನಾಗಿದ್ದೆ.

ಮೂರನೆಯದು ಮನಶ್ಶಾಸ್ತ್ರಜ್ಞರ ಮಾತಿನ ಚಿಕಿತ್ಸೆ. ಸಂಕಟವನ್ನು ಇಳಿಸುವಲ್ಲಿ ಹೆಚ್ಚು ಆಧಾರ ದೊರೆತಿರುವುದು ಇದಕ್ಕೇ. ‘ಇದರಿಂದ ನನಗೆ ಹುಚ್ಚು ಹಿಡಿಯುತ್ತದೆ’ ಎಂಬ ಭಯವನ್ನು ಕಾಗದದಲ್ಲಿ ಬರೆದು, ಅದಕ್ಕೆ ಆಧಾರವೇನೆಂದು ನಾನೇ ಕೇಳಿಕೊಳ್ಳಬೇಕಾಗಿತ್ತು. ವಿದ್ಯಾರ್ಥಿಗಳ ಉತ್ತರಪತ್ರಿಕೆ ತಿದ್ದಿದವನಿಗೆ ತನ್ನದನ್ನು ತಿದ್ದುವುದು ಸುಲಭವಾಗಲಿಲ್ಲ. ತಿಂಗಳುಗಳೇ ಬೇಕಾದವು.

ಒಂದು ಎಚ್ಚರಿಕೆ. ಮೊರೆತ ಒಂದೇ ಕಿವಿಯಲ್ಲಿದ್ದರೆ, ನಾಡಿಯೊಡನೆ ಮಿಡಿಯುತ್ತಿದ್ದರೆ, ತಲೆ ತಿರುಗಿದರೆ ಎಣ್ಣೆ ಬಿಡುತ್ತ ಕಾಲ ಕಳೆಯದೆ ಕಿವಿಯ ವೈದ್ಯರನ್ನು ಕಾಣಬೇಕು. ಹಠಾತ್ತನೆ ಕಿವಿ ಮಂದವಾದರಂತೂ ಒಂದು ದಿನವೂ ತಡಮಾಡಬಾರದು. ಕೆಲವು ಔಷಧಗಳಿಂದಲೂ, ಕಿವಿಯ ಗುಗ್ಗೆಯಿಂದಲೂ ಮೊರೆತ ಬರುವುದುಂಟು. ನಮ್ಮ ನಾಡಿನಲ್ಲೇ, ಮೈಸೂರಿನ ಮಾನಸಗಂಗೋತ್ರಿಯಲ್ಲಿ, 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ.

ಶ್ರವಣಯಂತ್ರ ಧರಿಸಿದ ಮರುದಿನ ಬೆಳಿಗ್ಗೆ ಅಡುಗೆಮನೆಯಿಂದ ಜೋಳದ ರೊಟ್ಟಿ ಬಡಿಯುವ ಸಪ್ಪಳ ಸ್ಪಷ್ಟವಾಗಿ ಕೇಳಿಸಿತು. ಅದು ಮಸುಕಾಗಿದ್ದುದೇ ನನಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ. ಈಗ ಸಂಜೆಯ ಓದು ಮತ್ತೆ ನಡೆದಿದೆ. ಓದುವಾಗ ಜೀರುಂಡೆಯ ನೆನಪಾಗುವುದಿಲ್ಲ. ನಿಮ್ಮೆದುರು ಅದರ ಮಾತೆತ್ತಿದೆ, ಇದೋ, ಕೂಗುತ್ತಿದೆ. ಕೂಗಲಿ.